ಅತ್ತರಿನ ಲಾಳಿಕೆ

ಇಂಥ ಅನುಭವ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದವನು. ನೀವೂ ನಗಬಹುದು. ಅದಕ್ಕೆ ಮೊದಲು ಇದು ತಿಳಿದಿರಲಿ: ನೆನಪು ಮೂಡುವ ಮುನ್ನವೇ ಬಂದ ಯಾವುದೋ ಜ್ವರದಲ್ಲಿ ನನ್ನ ಮೂಗಿನ ಶಕ್ತಿ ಹೋಯಿತು. ಮಲ್ಲಿಗೆ, ಸೀಮೆಎಣ್ಣೆ ಎರಡೂ ನನಗೆ ಒಂದೇ.

ಅದಕ್ಕೇ ಇರಬೇಕು, ಎಪ್ಪತ್ತರ ದಶಕದಲ್ಲಿ ಅತ್ತರಿಗೆ ಸಂಬಂಧಪಟ್ಟ ಹಳೆಯ ಬೆಳ್ಳಿ ಸಾಮಾನು ಕೂಡಿಸುವ ಹುಚ್ಚು ಹತ್ತಿತ್ತು: ಸೀಸೆಗೆ ಅತ್ತರು ತುಂಬುವ ಪುಟ್ಟ ಲಾಳಿಕೆ, ಹನಿ ತೆಗೆಯುವ ಕಡ್ಡಿ, ಇಂಥವು. ರಾಜಾಜಿನಗರದ ಬೆಳ್ಳಿ ಅಂಗಡಿಯವರು ಕರಗಿಸುವ ಮುನ್ನ ನನಗೆ ತೋರಿಸುತ್ತಿದ್ದರು. ಹಾಗೆ ಸಿಕ್ಕಿದ್ದು ಹೆಬ್ಬೆರಳ ತುದಿಯಷ್ಟಿದ್ದ ಒಂದು ಲಾಳಿಕೆ. ಕಪ್ಪಾಗಿತ್ತು. ಮನೆಗೆ ತಂದು, ಎಲ್ಲರೂ ಮಾಡುವಂತೆ, ವಿಭೂತಿ ಹಚ್ಚಿ ಉಜ್ಜಿ ತೊಳೆದೆ.

ಕೆಲವು ದಿನಗಳಾದ ಮೇಲೆ ಗಿರಿಜಮ್ಮ ಎಂಬ ವಿಜಯನಗರದ ಹೆಂಗಸೊಬ್ಬರು ಅಂಗಡಿಯಲ್ಲಿ ನನ್ನ ವಿಳಾಸ ಕೇಳಿಕೊಂಡು ಬಂದರು. ತಾವು ಮಾರಿದ ಹಳೆಯ ಬೆಳ್ಳಿಯ ಜೊತೆ ಆ ಲಾಳಿಕೆಯೂ ತಪ್ಪಿ ಹೋಗಿತ್ತಂತೆ. ಅಂದಿನಿಂದ ಅವರ ಅತ್ತೆ ಅನ್ನ ಬಿಟ್ಟಿದ್ದಾರಂತೆ. ಲಾಳಿಕೆ ತೆಗೆದುಕೊಂಡು ಅವರ ಜೊತೆಗೇ ಹೊರಟೆ.

ಅತ್ತೆಯ ಕೋಣೆಯ ಗೋಡೆ ಹಸಿರಾಗಿತ್ತು ಎಂದು ಬರೆಯಹೊರಟೆ. ಆ ಹಸಿರನ್ನು ಆಮೇಲೆ ನಾನೇ ಬಳಿದಿರಬಹುದು. ಮಧ್ಯಾಹ್ನ ಎಂಬುದು ಮಾತ್ರ ನಿಜ. ಮುದುಕಿ ಲಾಳಿಕೆಯನ್ನು ಮೂಗಿಗೆ ಹಿಡಿದು, ಮುಖ ತಿರುಗಿಸಿದರು.

"ತೊಳೆದ್ಬಿಟ್ಟಿದೀಯಲ್ಲಪ್ಪ. ನಮ್ಮನೆಯವರು ಇದ್ದಿದ್ದೇ ಇದರಲ್ಲಿ."

ಗಂಡ ತೀರಿಕೊಂಡ ಮೇಲೆ ಅದಕ್ಕೆ ಯಾರೂ ನೀರು ಸೋಕಿಸಿರಲಿಲ್ಲವಂತೆ. ಅವರು ಹಚ್ಚುತ್ತಿದ್ದ ಅತ್ತರಿನ ವಾಸನೆ ಅದರಲ್ಲಿ ಉಳಿದಿತ್ತಂತೆ. ಗಿರಿಜಮ್ಮ ಗಂಜಿಯ ಲೋಟ ಹಿಡಿದು, "ಅತ್ತೆ, ಒಂದು ಗುಟುಕು" ಎನ್ನುತ್ತಲೇ ಇದ್ದರು.

ಮುದುಕಿ ಹತ್ತಿಯ ಎಳೆ ಹೊಸೆದು, ಲಾಳಿಕೆಯೊಳಗೆ ಆಡಿಸಿ, ಮದುವೆಮನೆಯಲ್ಲಿ ಗಂಡಸರು ಇಟ್ಟುಕೊಳ್ಳುವಂತೆ ನನ್ನ ಕಿವಿಯ ಮಡಿಕೆಗೆ ಸಿಕ್ಕಿಸಿದರು. ಒಣ ಹತ್ತಿ.

"ಬಂತಾ?"

ನನಗೆ ಯಾವ ವಾಸನೆಯೂ ತಿಳಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ಮೂಗಿನೊಳಗೆ ಯಾರೋ ಬಂದು ನಿಂತಂತಾಯಿತು. ಬೇರೆ ಹೇಗೆ ಹೇಳಲಿ? ಬಾಗಿಲ ಕಡೆ ತಿರುಗಿದೆ. ಯಾರೂ ಇರಲಿಲ್ಲ.

"ಬಂತು," ಎಂದೆ.

ಅವರು ನನ್ನ ಮುಖ ನೋಡಿದರು, ಅಥವಾ ನನ್ನ ಹಿಂದೆ. ಜಾರಿದ್ದ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು ಗಂಜಿಗೆ ಕೈ ಚಾಚಿದರು.

ಗೇಟಿನ ಹತ್ತಿರ ಹತ್ತಿಯನ್ನು ಗಿರಿಜಮ್ಮನಿಗೆ ಕೊಟ್ಟೆ. ಮೂಸಿ ಮೂಸಿ ನೋಡಿದರು.

"ನನಗೇನೂ ಬರ್ತಿಲ್ಲ ಸಾರ್. ಮಾವನವರನ್ನ ನಾನು ನೋಡೇ ಇಲ್ಲ. ಹೇಗಿತ್ತು ಹೇಳಿ?"

ಹೋಲಿಸಲು ನನ್ನ ಬಳಿ ಇನ್ನೊಂದು ವಾಸನೆ ಇರಲಿಲ್ಲ. ಇವತ್ತಿಗೂ ಇಲ್ಲ.