ರತ್ನಗಂಬಳಿ ಮುಗಿಯುವಲ್ಲಿ

ತಬಿತಾ ರಾಬ್ಸನ್ ಎಂಬ ಹೆಸರು ಅವಳ ತಂಗಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಥ್ರಾಕ್ಸ್‌ಲಿ ದೊರೆಗಳ ಬಂಗಲೆಯಲ್ಲಿ ಅವಳು ಬರೀ ನ್ಯಾನಿ. ನಾರ್ಥಂಬರ್ಲೆಂಡಿನ ಕಡಲಂಚಿನ ಬೆಸ್ತರ ಹಳ್ಳಿಯಿಂದ ಚಿಕ್ಕ ಹುಡುಗಿಯಾಗಿ ಬಂದವಳು. ಮೊದಮೊದಲು ಮಕ್ಕಳ ಕೋಣೆಗೆ ಕಲ್ಲಿದ್ದಲು ಹೊತ್ತಳು, ಆಮೇಲೆ ಈಗಿನ ದೊರೆ ಆಬ್ರಿಯ ಮೂಗು ಒರೆಸಿ ಬೆಳೆಸಿದಳು, ಈಗ ಅವನ ಮಕ್ಕಳನ್ನು ಸಾಕುತ್ತಿದ್ದಳು. ತೋಟದ ಕೆಲಸದವನೊಬ್ಬ ಮದುವೆಯಾಗುತ್ತೀಯಾ ಎಂದು ಕೇಳಿದ್ದನಂತೆ. ಮಗುವಿಗೆ ಹಲ್ಲು ಬರುತ್ತಿದೆ, ಆಮೇಲೆ ನೋಡೋಣ ಅಂದಳಂತೆ. ಆ ಆಮೇಲೆ ಬರಲೇ ಇಲ್ಲ.

ಕಳ್ಳರಿಗಾಗಲಿ ದೆವ್ವಕ್ಕಾಗಲಿ ಹೆದರುವ ಹೆಂಗಸಲ್ಲ ಅವಳು. ಅವಳ ಭಯವೆಲ್ಲ ದೊರೆಯ ಆರು ವರ್ಷದ ಮಗಳು ಸಿಬಿಲಳ ಸುತ್ತ. ಹೆತ್ತ ತಾಯಿಯನ್ನು ಹುಟ್ಟುವಾಗಲೇ ಕಳೆದುಕೊಂಡ ಆ ಮಗುವಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನ್ಯಾನಿಗೆ ಮತ್ತು ಸಿಬಿಲಳ ಅಣ್ಣ ಪಿಯರ್ಸ್‌ಗೆ ಮಾತ್ರ.

ಹೆತ್ತಪ್ಪನಿಗೇ ಗೊತ್ತಾಗದಿರುವುದುಂಟೆ ಎಂದರೆ, ಅಂಥ ಮನೆಗಳಲ್ಲಿ ಉಂಟು. ಮಕ್ಕಳು ಅಪ್ಪನ ಕಣ್ಣಿಗೆ ಬೀಳುತ್ತಿದ್ದದ್ದು ಸಂಜೆಯ ಚಹಾ ಆದ ಮೇಲೆ ಒಂದಿಷ್ಟು ಹೊತ್ತು. ಇಸ್ತ್ರಿಯ ಬಟ್ಟೆ ತೊಟ್ಟು ದಿವಾನಖಾನೆಗೆ ಇಳಿಯಬೇಕು, ಕೇಳದೆ ಬಾಯಿ ಬಿಡಬಾರದು, ದೊಡ್ಡವರ ಮಾತಿಗೆ ಕತ್ತು ತಿರುಗಿಸಬಾರದು. ಸಿಬಿಲ್ ಬಾಯಿ ಬಿಡುತ್ತಿರಲಿಲ್ಲ, ಕತ್ತೂ ತಿರುಗಿಸುತ್ತಿರಲಿಲ್ಲ. ಎಂಥ ಸಂಸ್ಕಾರದ ಮಗು ಎಂದು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಯಾರಾದರೂ ಅವಳನ್ನು ಮಾತಾಡಿಸಿದರೆ ಪಿಯರ್ಸ್ ಕೈ ಹಿಸುಕುತ್ತಿದ್ದ. ಅವಳು ಮಂಡಿ ಬಗ್ಗಿಸಿ ನಮಸ್ಕರಿಸಿ, ನ್ಯಾನಿ ತುಟಿಯಾಡಿಸಿ ಕಲಿಸಿದ್ದ "ಹೌದಪ್ಪಾ" ಅನ್ನುತ್ತಿದ್ದಳು. ಮೇಲಿನ ಕೋಣೆಯಲ್ಲಾದರೆ ನ್ಯಾನಿ ಹಿಮ್ಮಡಿಯಿಂದ ಹಲಗೆಯ ನೆಲ ತುಳಿದರೆ ಸಾಕು, ಅಂಗಾಲಿಗೆ ತಾಕಿದ ಅದುರಿಗೆ ಮಗು ತಿರುಗುತ್ತಿತ್ತು.

"ಆ ಹುಡುಗಿಗೆ ಏನ್ ಕುಡಿಸ್ತೀಯೇ ನ್ಯಾನಿ?" ಎಂದು ಅಡುಗೆಯವಳು ಕೆಣಕುತ್ತಿದ್ದಳು. "ನನ್ ಗಂಡಂಗೂ ಒಂದ್ ಲೋಟ ಕೊಡು. ಅವನೂ ಸ್ವಲ್ಪ ಬಾಯ್ಮುಚ್ಕೊಂಡಿರ್ಲಿ."

ಎಲ್ಲರೂ ನಗುತ್ತಿದ್ದರು. ನ್ಯಾನಿ ಮಾತ್ರ ಮಗುವಿನ ಹಾಲು ಎತ್ತಿಕೊಂಡು ಮೇಲೆ ಓಡುತ್ತಿದ್ದಳು.

ಅವಳ ಹೆದರಿಕೆಗೆ ಕಾರಣವಿತ್ತು. ದೊರೆಗೆ ಇಸೋಬೆಲ್ ಎಂಬ ತಂಗಿಯಿದ್ದಳು. ಅವಳಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅದು ತಿಳಿದ ಮಾರನೆಯ ಬೆಳಿಗ್ಗೆ, ತಿಂಡಿಗೂ ಮುಂಚೆ, ಅವರ ತಾಯಿ ಹಿರಿಯ ದೊರೆಸಾನಿ ಗಾಡಿ ಹೂಡಿಸಿದರು. ಕೋಟಿನ ಗುಂಡಿ ಹಾಕಿ ಮಗುವನ್ನು ಗಾಡಿಗೆ ಹತ್ತಿಸಿದವಳು ನ್ಯಾನಿಯೇ. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಸಂಜೆಯೊಳಗೆ ಗೋಡೆಯ ಮೇಲಿದ್ದ ಅವಳ ಚಿತ್ರವೂ ಇಲ್ಲವಾಯಿತು, ಹೆಸರೆತ್ತಿದ ಆಬ್ರಿಗೆ ಕಪಾಳಕ್ಕೆ ಏಟು ಬಿತ್ತು. ಅವನನ್ನು ದೂರದ ಶಾಲೆಗೆ ಹಾಕಿದರು. ತಿರುಗಿ ಬಂದವನು ನಗುವುದನ್ನೇ ಬಿಟ್ಟಿದ್ದ. ಅವನು ತಂಗಿಯನ್ನು ಮರೆತಿದ್ದಾನೆ, ತಾಯಿಯ ದಾರಿಯನ್ನೇ ಹಿಡಿಯುತ್ತಾನೆ ಎಂದು ನ್ಯಾನಿ ನಂಬಿದ್ದಳು.

ಆ ಚಳಿಗಾಲ ಹಿರಿಯ ದೊರೆಸಾನಿ ಮಗನ ಮನೆಗೆ ಬಂದರು. ಅದೇ ದಿನ ಪಿಯರ್ಸ್ ತನ್ನ ಪುಟ್ಟ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಸಿಬಿಲ್ ಒಬ್ಬಳೇ ಕೆಳಗಿಳಿಯಬೇಕಾಯಿತು.

"ಮಗೂಗೆ ನೆಗಡಿ, ಅಮ್ಮಾವ್ರೇ," ಎಂದು ನ್ಯಾನಿ ತೊದಲಿದಳು.

"ನೆಗಡಿಯಾದ್ರೆ ಕರ್ಚೀಫ್ ಕೊಟ್ಟು ಕರ್ಕೊಂಡ್ ಬಾ," ಎಂದರು ದೊರೆಸಾನಿ.

ದಿವಾನಖಾನೆಯ ಕಿಟಕಿಯ ಬಳಿ ರತ್ನಗಂಬಳಿ ಮುಗಿದು ಬರೀ ಹಲಗೆಯ ನೆಲವಿತ್ತು. ಅಲ್ಲೇ ನಿಲ್ಲಬೇಕೆಂದು ನ್ಯಾನಿ ಮಗುವಿಗೆ ಕೈಸನ್ನೆಯಲ್ಲಿ ಹೇಳಿಕೊಟ್ಟಿದ್ದಳು. ಆದರೆ ದೊರೆಸಾನಿ ಮೊಮ್ಮಗಳ ತೋಳು ಹಿಡಿದು ಬೆಂಕಿಗೂಡಿನ ಮುಂದೆ, ದಪ್ಪ ಗಂಬಳಿಯ ನಡುವೆ, ಬೆಂಕಿಗೆ ಮುಖಮಾಡಿ ನಿಲ್ಲಿಸಿದರು. ದೊರೆ ಪತ್ರಿಕೆ ಓದುತ್ತಿದ್ದ. ನ್ಯಾನಿ ಬಾಗಿಲ ಬಳಿ ನಿಂತಿದ್ದಳು.

"ನಿನ್ ಅಣ್ಣನ ಕಾಲು ಹೇಗಿದೆ?" ಹಿಂದಿನಿಂದ ಕೇಳಿದರು ದೊರೆಸಾನಿ.

ನ್ಯಾನಿ ಹಿಮ್ಮಡಿ ಊರಿ ತುಳಿದಳು. ಗಂಬಳಿ ಅದನ್ನು ನುಂಗಿಬಿಟ್ಟಿತು. ಸಿಬಿಲ್ ಬೆಂಕಿ ನೋಡುತ್ತಲೇ ಇದ್ದಳು.

ಮುದುಕಿ ಮತ್ತೆ ಕೇಳಲಿಲ್ಲ. ಮೇಜಿನ ಮೇಲಿದ್ದ ಬೆಳ್ಳಿಯ ತಟ್ಟೆಯನ್ನು ಬಟ್ಟಲುಗಳ ಸಮೇತ ಒಂದೇ ಬೆರಳಿನಿಂದ ನಿಧಾನವಾಗಿ ಅಂಚಿನಾಚೆ ತಳ್ಳಿದರು. ಅದು ಬೆಂಕಿಗೂಡಿನ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಚಹಾ ತಂದಿಟ್ಟು ನಿಂತಿದ್ದ ಬಟ್ಲರ್ ಬೆಚ್ಚಿಬಿದ್ದ. ಮಗು ಮಿಸುಕಲಿಲ್ಲ.

"ಯಾವಾಗಿಂದ ಮುಚ್ಚಿಟ್ಟಿದ್ದೀಯ, ನ್ಯಾನಿ?"

ಆ ಬೆಳಗಿನ ಪುಟ್ಟ ಕೋಟಿನ ಗುಂಡಿಗಳು ನ್ಯಾನಿಯ ಬೆರಳಿಗೆ ಮತ್ತೆ ತಾಕಿದಂತಾಯಿತು. "ಕೂಸಾಗಿದ್ದಾಗಿಂದ್ಲೂ, ಅಮ್ಮಾವ್ರೇ. ಏನಿದ್ರೂ ನನ್ನನ್ನ ಓಡ್ಸಿ. ಮಗೂನ ಕಳಿಸ್ಬೇಡಿ."

ದೊರೆ ಪತ್ರಿಕೆ ಮಡಿಸಿ ಎದ್ದ. ಯಾರನ್ನೂ ನೋಡದೆ ಮಗಳ ಕೈ ಹಿಡಿದ. ಬಾಗಿಲಿಗೇ ಕರೆದೊಯ್ಯುತ್ತಾನೆಂದುಕೊಂಡು ನ್ಯಾನಿ ಅಡ್ಡ ಬಂದಳು. ಅವನು ಕಿಟಕಿಯತ್ತ ನಡೆದ. ಮಗಳನ್ನು ಹಲಗೆಯ ನೆಲದ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸಿ, ಹಿಂದೆ ಸರಿದು, ಹಿಮ್ಮಡಿಯಿಂದ ನೆಲ ತುಳಿದ.

ಸಿಬಿಲ್ ಗರಕ್ಕನೆ ತಿರುಗಿದಳು. ಅಪ್ಪನನ್ನು ಕಂಡು ಮಂಡಿ ಬಗ್ಗಿಸಿ, "ಹೌದಪ್ಪಾ," ಎಂದಳು.

"ಇಸೋಬೆಲ್ ಕೂಡ ಹೀಗೇ ತಿರುಗ್ತಿದ್ಲು," ಎಂದರು ದೊರೆಸಾನಿ. ಇಷ್ಟು ವರ್ಷದಲ್ಲಿ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

"ಗೊತ್ತು. ತುಳೀತಿದ್ದೋನು ನಾನೇ ಅಲ್ವಾ, ಅಮ್ಮ." ಅವನ ದನಿ ಸಣ್ಣದಾಗಿತ್ತು. "ನಾಳೆ ಬೆಳಿಗ್ಗೆ ಗಾಡಿ ಹೂಡಿದ್ರೆ ಅದು ನಿಮಗೆ."

ನ್ಯಾನಿ ಬಾಗಿಲ ಪಕ್ಕದ ರೇಷ್ಮೆ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಆ ಕೋಣೆಯಲ್ಲಿ ಕೆಲಸದವರು ಎಂದೂ ಕೂತದ್ದಿಲ್ಲ. ದೊರೆಸಾನಿ ಅವಳನ್ನು ನೋಡಿದರು, ಮಗನನ್ನು ನೋಡಿದರು. ಏಳು ಎಂದು ಯಾರೂ ಹೇಳಲಿಲ್ಲ.