ಖಾಲಾ ಬೇಡಿಕೊಂಡ ಹಿಮ

ಬೂದು ಬಣ್ಣದ ದಪ್ಪ ಉಣ್ಣೆಯ ಕಾಲುಚೀಲ, ಬಲಗಾಲಿನ ಹೆಬ್ಬೆರಳ ಹತ್ತಿರ ಕೆಂಪು ದಾರದ ತೇಪೆ, ಕೆಳಗೆ ನೀಲಿ ರಬ್ಬರಿನ ಚಪ್ಪಲಿ. ಪಕ್ಕದ ಮನೆಯ ಖಾಲಾ ಅಂದರೆ ನನಗೆ ಮೊದಲು ನೆನಪಾಗುವುದು ಆ ಪಾದಗಳು. ಮಲೇಷ್ಯಾದ ನಿಲಾಯ್‌ನಲ್ಲಿ ಬೆಳಿಗ್ಗೆ ಸ್ನಾನ ಮುಗಿಸಿ ಬಟ್ಟೆ ಒಣಹಾಕಲು ಹೊರಗೆ ಬಂದರೆ ಬೆವರಿನಲ್ಲಿ ಇನ್ನೊಂದು ಸ್ನಾನವಾಗುತ್ತದೆ. ಅಂಥ ಊರಿನಲ್ಲಿ ಈ ಹೆಂಗಸು ಡಿಸೆಂಬರ್ ಬಂತೆಂದರೆ ಉಣ್ಣೆಯ ಕಾಲುಚೀಲ ಏರಿಸಿಕೊಂಡು ಗೇಟಿನ ಹತ್ತಿರ ಕರಿಬೇವಿಗೆ ನೀರು ಹಾಕುತ್ತ ನಿಲ್ಲುತ್ತಿದ್ದರು. ಮೊದಲ ಸಲ ನೋಡಿದಾಗ ಕಾಲಿಗೆ ಏನೋ ಕಾಯಿಲೆ ಇರಬೇಕೆಂದುಕೊಂಡು ವಿಚಾರಿಸಿದೆ.

"ಕಾಲಿಗೇನ್ ಆಗಿಲ್ಲವ್ವ. ಅಲ್ಲಿ ಕಾಶ್ಮೀರದಾಗ ನನ್ನ ಮಗಳು ಬರ್ಫಿನ್ಯಾಗ ಅಡ್ಡಾಡ್ತಾಳ. ನಾ ಇಲ್ಲಿ ಬರಿಗಾಲಲೇ ಹೆಂಗ ಇರ್ಲಿ?" ಅಂದರು.

ಉತ್ತರ ಅಷ್ಟೇ. ಆಮೇಲೆ ನನ್ನ ಕೈಗೆ ಒಂದು ಹಿಡಿ ಕರಿಬೇವು ತುರುಕಿ ಒಳಗೆ ಹೋದರು.

ನಮ್ಮದೂ ಅವರದೂ ಒಂದೇ ಗೋಡೆ ಹಂಚಿಕೊಂಡ ಸಾಲುಮನೆ. ಅವರು ವಿಜಯಪುರದವರು. ಉರ್ದುವಿನಲ್ಲಿ ಖಾಲಾ ಅಂದರೆ ತಾಯಿಯ ಸೋದರಿ, ನಮಗೂ ಅವರು ಹಾಗೇ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ಮಗ ಕ್ಲಾಂಗ್ ಬಂದರಿನಲ್ಲಿ ಎಂಜಿನಿಯರ್, ಸೊಸೆ ಇಲ್ಲೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾಳೆ. ನಾನು ದಿನಾ ಕೆಲಸಕ್ಕೆ ಪುತ್ರಜಯಾಕ್ಕೆ ಕಾರು ಓಡಿಸಿಕೊಂಡು ಹೋಗಿಬರುವವಳು. ಹಾಗಾಗಿ ನನ್ನ ಮಗಳು ಅನಘಾ ಶಾಲೆಯಿಂದ ಬಂದವಳು ನೇರ ಖಾಲಾ ಮನೆಗೆ ಹೋಗಿ ರೊಟ್ಟಿ ತಿಂದು, ಅವರ ಮಂಚದ ಮೇಲೇ ಮಲಗಿ, ಅವರ ಬೈಗುಳವನ್ನೂ ತಿಂದು ಬೆಳೆದಳು. ನಾನು ಎಷ್ಟು ಗೋಗರೆದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಒಂದು ದಿನ ಫೋನಿನಲ್ಲಿ ಮೈಸೂರಿನ ಅಜ್ಜಿಗೆ "ಉಂಡೇನ್ರಿ ಅಜ್ಜಿ, ಸಾಕಾಗೈತ್ರಿ" ಅಂದುಬಿಟ್ಟಳು. ನಮ್ಮಮ್ಮ ನನ್ನನ್ನು ಕರೆದು, "ಏನೇ ಇದು, ಮಗೂನ ಯಾರ ಕೈಗೆ ಕೊಟ್ಟಿದೀಯ?" ಎಂದು ಕೇಳಿದರು. ಖಾಲಾಗೆ ಇದನ್ನು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೈಸೂರವ್ವಾ, ನಿನ್ನ ಮಗಳಿಗೆ ಕನ್ನಡ ಬೇಕಿತ್ತೋ, ಮೈಸೂರು ಬೇಕಿತ್ತೋ? ಒಂದು ಕೇಳು." ಅವತ್ತಿನಿಂದ ನಾನು ಅವರ ಬಾಯಲ್ಲಿ ಮೈಸೂರವ್ವ.

ಅವರ ಮಗಳ ಕಥೆ ಬೇರೆಯೇ. ಚಳಿಗಾಲದಲ್ಲಿ ವಿಜಯಪುರದ ಅವರ ಓಣಿಗೆ ಕಾಶ್ಮೀರದಿಂದ ಶಾಲು ಮಾರುವವರು ಬಂದು ಬಾಡಿಗೆ ಕೋಣೆ ಹಿಡಿಯುತ್ತಿದ್ದರಂತೆ. ವಿಜಯಪುರದ ಚಳಿಗೆ ಕಾಶ್ಮೀರದ ಶಾಲು ಬೇಕೇ ಎಂದು ನಾನು ಕೇಳಿದ್ದೆ. "ಬೇಕಾಗಿರಲಿಲ್ಲ. ಆದ್ರ ನಾವು ಕೊಂಡ್ವಿ, ಅವ್ರು ವರ್ಷಾ ವರ್ಷಾ ಬಂದ್ರು. ಕಡೀಕ ಶಾಲು ಮಾರಾಕ ಬಂದಾಂವ ನನ್ನ ಮಗಳನ್ನ ಕರ್ಕೊಂಡು ಹ್ವಾದ" ಎನ್ನುತ್ತಿದ್ದರು. ಹೇಳುವಾಗ ಮುಖದಲ್ಲಿ ಸಿಟ್ಟಿರುತ್ತಿರಲಿಲ್ಲ. ಅಳಿಯ ಒಳ್ಳೆಯವನು. ಮದುವೆಯಾದ ಮೇಲೆ ವ್ಯಾಪಾರ ಬಿಟ್ಟು ಊರಿನಲ್ಲೇ ಸೇಬಿನ ತೋಟ ನೋಡಿಕೊಂಡು ನಿಂತ. ಬೆಟ್ಟದ ಮಗ್ಗುಲಿನ ಆ ಊರಿಗೆ ಮಗಳು ನಸ್ರೀನ್ ಸೊಸೆಯಾಗಿ ಹೋದಳು. ಖಾಲಾ ಅಲ್ಲಿಗೆ ಹೋದದ್ದು ಒಮ್ಮೆ ಮಾತ್ರ, ಅದೂ ಬೇಸಿಗೆಯಲ್ಲಿ. ಆಮೇಲೆ ಹೃದಯದ ತೊಂದರೆ ಶುರುವಾಗಿ, ಎತ್ತರದ ಜಾಗಕ್ಕೆ ಹೋಗಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಹಿಮವನ್ನು ಅವರು ಕಣ್ಣಾರೆ ಒಮ್ಮೆಯೂ ಕಂಡವರಲ್ಲ.

ಕಾಣದಿದ್ದರೇನು, ಹಿಮದ ಹಿಂದೆ ಬಿದ್ದಿದ್ದರು. ಬೆಳಿಗ್ಗೆ ನಮಾಜು ಮುಗಿಸಿ, ಚಹಾ ಕುಡಿದು, ಕನ್ನಡಕ ಏರಿಸಿ ಫೋನು ಹಿಡಿದರೆ ಕಾಶ್ಮೀರದ ಹವಾಮಾನವೆಲ್ಲ ಅವರ ಅಂಗೈಯಲ್ಲಿ. ಯಾವ ಕಣಿವೆಯ ದಾರಿ ಮುಚ್ಚಿತು, ಎಲ್ಲಿ ಕರೆಂಟು ಹೋಯಿತು, ಯಾವ ವಿಮಾನ ಹಾರಲಿಲ್ಲ. ನಾನು ಕಾರು ತೆಗೆಯುವ ಹೊತ್ತಿಗೆ ಗೋಡೆಯಾಚೆಯಿಂದ ವರದಿ ಬರುತ್ತಿತ್ತು. ನನಗೋ ಪುತ್ರಜಯಾದ ರಸ್ತೆಯಲ್ಲಿ ಮಳೆ ಇದೆಯೋ ಇಲ್ಲವೋ ತಿಳಿದರೆ ಸಾಕಾಗಿತ್ತು. ಆದರೂ ಅವರಿಂದಾಗಿ ಒಂದು ಸಂಗತಿ ನನ್ನ ತಲೆಗೂ ಇಳಿಯಿತು: ಹಿಮ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಬೆಟ್ಟದ ಒಂದು ಮಗ್ಗುಲಿಗೆ ಆಳೆತ್ತರ ಬಿದ್ದರೆ ಇನ್ನೊಂದು ಮಗ್ಗುಲಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ. ನಸ್ರೀನ್ ಊರು ಆ ಇನ್ನೊಂದು ಮಗ್ಗುಲಿನದು.

"ಮಳಿ ಸಪ್ಪಳ ಮಾಡ್ಕೋತ ಬರ್ತೈತಿ, ಬರ್ಫ ಬಂದ್ರ ಮನೀ ಮಂದಿಗೂ ತಿಳಿಯಂಗಿಲ್ಲ" ಎನ್ನುವುದು ಅವರ ಮಾತು. ಮಗಳಿಂದ ಕೇಳಿದ್ದನ್ನು ತಾನೇ ಕಂಡವರಂತೆ ಹೇಳುತ್ತಿದ್ದರು.

ನಸ್ರೀನ್ ಅಲ್ಲಿ ಕಳೆದ ಮೊದಲ ಚಳಿಗಾಲದಲ್ಲೇ ಆ ಮಗ್ಗುಲಿಗೂ ದೊಡ್ಡ ಹಿಮಗಾಳಿ ಬಂತು. ಕಂಬಗಳು ಉರುಳಿ ಫೋನೂ ಸತ್ತುಹೋಯಿತು. ಅವಳಾಗ ತುಂಬು ಬಸುರಿ. ಮಗ ಸಮಾಧಾನ ಹೇಳಲೂ ತೋಚದೆ ಬಂದರಿಗೆ ಹೋಗಿ ಕೂತ. ಖಾಲಾ ತಮ್ಮ ಮೆಟ್ಟಿಲ ಮೇಲೆ ಕೂತರು. ಆ ಕಾಲುಚೀಲ ಆಗಿನ್ನೂ ಹೊಸದು, ಮಗಳು ಹೆಣೆದು ಕಳಿಸಿದ್ದು. ನಾನು ರಜೆ ಹಾಕಿ ಅವರ ಪಕ್ಕ ಕೂತೆ. ಎರಡನೆಯ ದಿನವೋ ಮೂರನೆಯ ದಿನವೋ ಅವರು ಇದ್ದಕ್ಕಿದ್ದಂತೆ ಹರಕೆ ಹೊತ್ತರು. ಮಗಳ ದಾರಿಗೆ ಹಿಮ ಅಡ್ಡ ಬರದಿರಲಿ, ಅವಳ ಊರಿನ ಮೇಲೆ ಬೀಳದಿರಲಿ, ಅದಕ್ಕಾಗಿ ಇನ್ನು ಮುಂದೆ ತಾನು ಐಸ್ ಬಾಯಿಗೆ ಹಾಕುವುದಿಲ್ಲ. "ಆಕಿ ಹಾದಿ ಕಟ್ಟಿದ್ದನ್ನ ನಾ ಇಲ್ಲಿ ಗ್ಲಾಸಿನ್ಯಾಗ ಹಾಕ್ಕೊಂಡು ಕುಡೀಲೇನು?"

ಮಲೇಷ್ಯಾದಲ್ಲಿ ಇದು ಸಣ್ಣ ಹರಕೆಯಲ್ಲ. ಇಲ್ಲಿ ಚಹಾಕ್ಕೂ ಐಸ್, ಶರಬತ್ತಿಗೂ ಐಸ್, ಬರಿಯ ನೀರು ಕೇಳಿದರೂ ಅರ್ಧ ಲೋಟ ಐಸ್. ಖಾಲಾಗೆ ಐಸ್ ಹಾಕಿದ ಚಹಾ ಅಂದರೆ ಪ್ರಾಣ. ಫೋನು ಮತ್ತೆ ಬಂತು, ನಸ್ರೀನ್ ಕ್ಷೇಮವಾಗಿದ್ದಳು, ಗಂಡುಮಗುವಾಯಿತು. ಹರಕೆ ಮಾತ್ರ ಮುಂದುವರಿಯಿತು. ಮಗ "ಅಮ್ಮಿ, ಇದಕ್ಕೆಲ್ಲ ಅರ್ಥ ಇಲ್ಲ" ಎಂದು ರೇಗಿದ. "ನಿನ್ನ ಬಂದರಿನ್ಯಾಗ ಅರ್ಥ ಐತೇನು? ಪೆಟ್ಟಿಗಿ ಇಳಿಸ್ತೀರಿ, ಮತ್ತ ಏರಿಸ್ತೀರಿ" ಎಂದು ಅವನ ಬಾಯಿ ಮುಚ್ಚಿಸಿದರು. ಮೂಲೆಯ ಮಾಮಾಕ್ ಅಂಗಡಿಯ, ಅಂದರೆ ತಮಿಳು ಮುಸ್ಲಿಮರ ಚಹಾ-ಊಟದ ಅಂಗಡಿಯ, ಮಾಲೀಕನಿಗೂ ಅಭ್ಯಾಸವಾಗಿಬಿಟ್ಟಿತ್ತು. ಅವರನ್ನು ದೂರದಿಂದ ಕಂಡರೆ ಸಾಕು, "ಅಮ್ಮಾ, ನೋ ಐಸ್ ಲಾ, ಐ ನೋ" ಎಂದು ಕೂಗುತ್ತಿದ್ದ.

ಅವರ ಹರಕೆ ಫಲಿಸಿತು ಎನ್ನಬೇಕು. ಮುಂದಿನ ಚಳಿಗಾಲಗಳಲ್ಲಿ ನಸ್ರೀನ್ ಊರಿನ ಕಡೆ ಹಿಮ ಕಡಿಮೆಯಾಗುತ್ತ ಬಂತು. ಕಳೆದ ಚಳಿಗಾಲದಲ್ಲಂತೂ ಡಿಸೆಂಬರ್ ಕಳೆಯಿತು, ಜನವರಿಯೂ ಅರ್ಧ ಮುಗಿಯಿತು, ಒಂದು ಚೂರೂ ಬೀಳಲಿಲ್ಲ. ಬೆಟ್ಟದ ಆಚೆ ಪ್ರವಾಸಿಗರ ಪಟ್ಟಣದಲ್ಲಿ ಮಾತ್ರ ಚೆನ್ನಾಗಿ ಬಿದ್ದಿತ್ತು. ಅಲ್ಲಿ ಜನ ಹಿಮದ ಉಂಡೆ ಮಾಡಿ ಒಬ್ಬರಿಗೊಬ್ಬರು ಎಸೆಯುವ ವಿಡಿಯೊ ನೋಡಿ ಖಾಲಾ ಮೊದಮೊದಲು ನಗುತ್ತಿದ್ದರು. ಒಂದು ಭಾನುವಾರ ನಸ್ರೀನ್ ಕರೆ ಮಾಡಿದಾಗ ನಾನೂ ಪಕ್ಕದಲ್ಲಿದ್ದೆ. ತೋಟದ ಕೆಳಗಿನ ಒರತೆ ಬತ್ತಿದೆ ಎಂದಳು. ಮೇಲೆ ಹಿಮ ಕೂತರೆ ಅದೇ ಕರಗಿ ಬೇಸಿಗೆಯಿಡೀ ಒರತೆಗೆ ಬರುವುದಂತೆ. ಸೇಬಿನ ಮರಕ್ಕೂ ಆ ಚಳಿ ಬೇಕು, ಆ ನೀರು ಬೇಕು. "ಅತ್ತಿ ದಿನಾ ಕೆಳಗಿಳಿದು ಕೊಡ ಹೊರ್ತಾರ ಅಮ್ಮಿ. ಬ್ಯಾಡಂದ್ರೂ ಕೇಳಂಗಿಲ್ಲ. ಇರ್ಲಿ ಬಿಡು, ಹಾದಿಯರ ತೆರದೈತಿ, ನಾ ಬರ್ತೀನಲ್ಲ." ಅವಳು ಮಗನನ್ನು ಕರೆದುಕೊಂಡು ನಿಲಾಯ್‌ಗೆ ಬರುವುದೆಂದು ಗೊತ್ತಾಗಿತ್ತು, ಟಿಕೆಟ್ಟೂ ಆಗಿತ್ತು. ಮೊಮ್ಮಗನನ್ನು ಖಾಲಾ ಇನ್ನೂ ಎತ್ತಿಕೊಂಡಿರಲಿಲ್ಲ. ಅವನಿಗಾಗಿ ತಂದ ಸೈಕಲ್ಲು ಆಗಲೇ ಕಾರಿನ ಪಕ್ಕ ನಿಂತಿತ್ತು.

ಕರೆ ಮುಗಿಯಿತು. ಖಾಲಾ ಎದ್ದು ಚಪ್ಪಲಿ ಮೆಟ್ಟಿ, "ಬಾ ಮೈಸೂರವ್ವಾ" ಎಂದು ನಡೆದೇಬಿಟ್ಟರು. ಹಿಂದೆ ಹೋದೆ. ಮಾಮಾಕ್ ಅಂಗಡಿಯ ಮಾಲೀಕ ಎಂದಿನಂತೆ "ನೋ ಐಸ್ ಲಾ" ಅಂದ.

"ಇವತ್ತ ಐಸ್ ಹಾಕಪಾ. ಬಾನ್ಯಾಕ್ ಹಾಕು" ಅಂದರು. ಬಾನ್ಯಾಕ್ ಅಂದರೆ ತುಂಬ. ಅವರಿಗೆ ಬರುತ್ತಿದ್ದ ನಾಲ್ಕಾರು ಮಲಯ್ ಮಾತುಗಳಲ್ಲಿ ಅದೂ ಒಂದು.

ಅವನು ನನ್ನ ಮುಖ ನೋಡಿದ. ದೊಡ್ಡ ಲೋಟದಲ್ಲಿ ಚಹಾ ಬಂತು, ಅರ್ಧಕ್ಕರ್ಧ ಐಸ್. ಖಾಲಾ ಚಹಾ ಕುಡಿದು ಮುಗಿಸಿ, ಐಸನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯತೊಡಗಿದರು. ಇದ್ದ ನಾಲ್ಕು ದವಡೆ ಹಲ್ಲುಗಳಲ್ಲಿ ಎರಡು ಅಲ್ಲಾಡುತ್ತಿದ್ದವು. ತಣುವಿಗೆ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಪಕ್ಕದ ಮೇಜಿನ ವಿದ್ಯಾರ್ಥಿಗಳು ಊಟ ಬಿಟ್ಟು ನೋಡುತ್ತಿದ್ದರು. ನನಗೆ ನಗು ಬಂದುಬಿಟ್ಟಿತು. "ಖಾಲಾ, ಹರಕೆ ಮುರಿಯೋಕೆ ಒಂದು ಚೂರು ಸಾಲದಾ?"

"ಇಷ್ಟು ವರ್ಷದ್ದು ಮುರೀಬೇಕಲ್ಲ" ಅಂದರು.

ಆಗ ನನಗೆ ನಿಜವಾಗಿ ಭಯವಾಯಿತು. "ಹಿಮ ಬಿದ್ದರೆ ದಾರಿ ಮುಚ್ಚುತ್ತೆ. ನಸ್ರೀನ್ ಬರೋದು ಮುಂದಿನ ವಾರ."

"ಗೊತ್ತೈತಿ."

"ಮತ್ತೆ? ಅವಳು ಬಂದು ಹೋಗಲಿ, ಆಮೇಲೆ ಕೇಳಿಕೊಳ್ಳಿ."

ಬಾಯಲ್ಲಿದ್ದ ಐಸನ್ನು ಕಡಿದು ನುಂಗಿದರು. "ಆಮ್ಯಾಲ ಬಿದ್ರ ನಿಲ್ಲಂಗಿಲ್ಲಂತ, ಬಿಸಿಲಿಗೆ ಹರದು ಹೋಗ್ತೈತಂತ. ಆಕಿ ಅತ್ತಿ ಮೊಣಕಾಲೂ ನನ್ನ ಮೊಣಕಾಲಿನಂಗವ್ವ. ಆ ಮುದುಕಿ ಕೊಡ ಹೊತ್ತು ಗುಡ್ಡಾ ಏರ್ತಾಳ. ನಾ ನನ್ನ ಮಗಳ ಮುಖ ನೋಡ್ಬೇಕಂತ ಅವರ ಊರ ನೀರು ಬತ್ತಿಸ್ಲೇನು? ಬರ್ಫ ಬೀಳ್ಲಿ. ಮಗಳು ಇವತ್ತಲ್ಲ ನಾಳಿ ಬರ್ತಾಳ."

ಹವಾಮಾನ ಯಾರ ಹರಕೆಯನ್ನೂ ಕೇಳಿ ಬದಲಾಗುವುದಿಲ್ಲ ಎಂದು ನಂಬಿರುವವಳು ನಾನು. ಅವತ್ತು ಮಾತ್ರ ಚಹಾದ ದುಡ್ಡು ಕೊಟ್ಟು ಅವರ ಜೊತೆ ಮನೆಗೆ ನಡೆದೆ.

ನಸ್ರೀನ್ ಹೊರಡಬೇಕಾಗಿದ್ದ ಗುರುವಾರ ಬೆಳಿಗ್ಗೆ ನಾನು ಕಾರಿನ ಬಾಗಿಲು ತೆಗೆಯುತ್ತಿದ್ದೆ. ಗೋಡೆಯಾಚೆಯಿಂದ "ಬಿತ್ತು! ಮೈಸೂರವ್ವಾ, ಬಿತ್ತು ನೋಡಬಾ!" ಎಂದು ಕೂಗಿದರು. ರಾತ್ರಿ ಅವರು ಮಲಗಿದ ಮೇಲೆ ಫೋನಿಗೆ ಬಂದಿದ್ದ ವಿಡಿಯೊದಲ್ಲಿ ಸೇಬಿನ ಮರಗಳ ಕೊಂಬೆಕೊಂಬೆಯ ಮೇಲೂ ಬಿಳುಪು, ಅದರ ನಡುವೆ ಕೆಂಪು ಟೋಪಿಯ ಮೊಮ್ಮಗ. ಇನ್ನೂ ಬೀಳುತ್ತಲೇ ಇತ್ತು. ಅವರು ಆ ವಿಡಿಯೊವನ್ನು ನನಗೆ ತೋರಿಸಿದರು, ಕಸದ ಗಾಡಿಯವನಿಗೆ ತೋರಿಸಿದರು, ಶಾಲೆಯ ವ್ಯಾನು ಹತ್ತುತ್ತಿದ್ದ ಅನಘಾಳನ್ನು ನಿಲ್ಲಿಸಿ ತೋರಿಸಿದರು. ಎಲ್ಲ ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ವಿಮಾನ ಹಾರಂಗಿಲ್ಲಂತ" ಎಂದರು. ನಾನು ಅವರ ಭುಜದ ಮೇಲೆ ಕೈ ಇಟ್ಟೆ. ಅವರು ನನ್ನ ಕೈ ತಟ್ಟಿ, "ಹೋಗು, ಕೆಲಸಕ್ಕ ಹೊತ್ತಾಗ್ತೈತಿ" ಎಂದರು.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಮಲಗಿದ್ದವರು ಏಳಲಿಲ್ಲ.

ಹಿಮ ಬೀಳದೆ ಇದ್ದಿದ್ದರೆ ಆ ಹೊತ್ತಿಗೆ ಮಗಳು ಅವರ ಪಕ್ಕದಲ್ಲಿ ಇರುತ್ತಿದ್ದಳು. ಈ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆ ಸಂಜೆ ಮಗ ಓಡಾಟದಲ್ಲಿದ್ದ, ಸೊಸೆ ಹೆಂಗಸರ ನಡುವೆ. ಹಾಗಾಗಿ ನಸ್ರೀನ್ ಇದ್ದ ಫೋನನ್ನು ಹಿಡಿದು ಖಾಲಾ ಮುಖದ ಹತ್ತಿರ ಕೂತವಳು ನಾನು. ಅವಳ ಹಿಂದಿನ ಕಿಟಕಿಯಲ್ಲಿ ಹಿಮ ಇಳಿಯುತ್ತಿತ್ತು. ಬಹಳ ಹೊತ್ತು ಅತ್ತಳು. ಆಮೇಲೆ, "ಆಂಟಿ, ಇಲ್ಲಿ ಬಿದ್ದದ್ದು ನೋಡಿ ಅಮ್ಮಿಗೆ ಖುಷಿ ಆತೇನ್ರಿ?" ಎಂದು ಕೇಳಿದಳು. ಕಸದ ಗಾಡಿಯವನಿಗೂ ತೋರಿಸಿದರು ಎಂದೆ. ಅಳುತ್ತಲೇ ನಕ್ಕಳು. ಐಸಿನ ಸಂಗತಿಯನ್ನು ಅವತ್ತು ಹೇಳಲಿಲ್ಲ.

ಅವಳು ಬಂದದ್ದು ಸೇಬು ಹೂಬಿಟ್ಟ ಮೇಲೆ, ಏಪ್ರಿಲ್‌ನಲ್ಲಿ. ಬಂದ ಮರುದಿನ ಬೆಳಿಗ್ಗೆ ನಾವಿಬ್ಬರೂ ಖಬರಸ್ತಾನಕ್ಕೆ ಹೋದೆವು. ದಾರಿಯಲ್ಲಿ ಕಾರಿನಲ್ಲಿ ಎಲ್ಲವನ್ನೂ ಹೇಳಿದೆ, ಹರಕೆ ಹೊತ್ತದ್ದು, ಮುರಿದದ್ದು, ಅತ್ತೆಯ ಮೊಣಕಾಲಿನ ಮಾತು. ಅವಳು ಕಿಟಕಿಯ ಕಡೆ ತಿರುಗಿ ಕೂತುಬಿಟ್ಟಳು. ಖಬರಸ್ತಾನದ ಗೇಟು ಬಂದಾಗ, "ವರತಿ ತುಂಬಿ ಹರಿಯಾಕತ್ತೈತ್ರಿ ಆಂಟಿ" ಎಂದಳು.

ಇಲ್ಲಿನವರು ಗೋರಿಗೆ ಹೋದಾಗ ತಲೆಯ ಕಡೆಯಿಂದ ಕಾಲಿನ ಕಡೆಗೆ ನೀರು ಸುರಿಯುತ್ತಾರೆ. ಅತ್ತಿಗೆಯಿಂದ ಅದನ್ನು ಕೇಳಿಕೊಂಡಿದ್ದ ನಸ್ರೀನ್ ಚೀಲದಿಂದ ಒಂದು ಬಾಟಲಿ ತೆಗೆದಳು. ತೋಟದ ಕೆಳಗಿನ ಒರತೆಯ ನೀರು, ಬಟ್ಟೆಗಳ ನಡುವೆ ಸುತ್ತಿ ಅಷ್ಟು ದೂರದಿಂದ ತಂದಿದ್ದಳು. ಬಾಯಲ್ಲಿ ಪ್ರಾರ್ಥನೆ ಹೇಳುತ್ತ ತಲೆಯ ಕಡೆಯಿಂದ ನಿಧಾನವಾಗಿ ಸುರಿಯುತ್ತ ಬಂದಳು. ಕೆಂಪು ಮಣ್ಣು ಹಾಕಿದಷ್ಟನ್ನೂ ಕುಡಿಯಿತು. ಅರ್ಧಕ್ಕೆ ಬಂದವಳು ನಿಂತು ಬಾಟಲಿಯನ್ನು ನನ್ನ ಕೈಗಿಟ್ಟಳು. "ಕಾಲಿನ ಕಡಿ ನೀವು ಹಾಕ್ರಿ. ನಾ ಇಲ್ಲದಾಗ ನೀವ ಇದ್ರಿ."

ನನಗೆ ಪ್ರಾರ್ಥನೆ ಬರುವುದಿಲ್ಲ. ನನ್ನ ಮಗಳ ಬಾಯಿಗೆ ರೊಟ್ಟಿಯನ್ನೂ ಕನ್ನಡವನ್ನೂ ಇಟ್ಟ ಹೆಂಗಸಿನ ಕಾಲ ಬಳಿ ಬಗ್ಗಿ, ಅವರು ಬೇಡಿಕೊಂಡ ಹಿಮದ ನೀರನ್ನು ಸುರಿದೆ. ಬೆರಳಿಗೆ ತಾಗಿತು. ನಿಲಾಯ್ ಬಿಸಿಲಿಗೆ ಅಷ್ಟರಲ್ಲೇ ಬೆಚ್ಚಗಾಗಿತ್ತು. ಒಳ್ಳೆಯದೇ ಆಯಿತು ಅಂದುಕೊಂಡೆ, ಆ ಪಾದಗಳಲ್ಲಿ ಈಗ ಕಾಲುಚೀಲ ಇರಲಿಲ್ಲ.