ಗೇಣಿಗೂ ಮೊಳಕ್ಕೂ ನಡುವಿನ ಮೀನು

ಈ ಬೇಸಿಗೆಯಲ್ಲಿ ನಾನು ಮನುಷ್ಯರಿಗಿಂತ ಹೆಚ್ಚಾಗಿ ಮೀನುಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇನೆ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯಬೇಕಂತೆ, ಕಿವಿರು ಕೆಂಪಗಿರಬೇಕಂತೆ, ಬೆರಳಿನಿಂದ ಒತ್ತಿದರೆ ಮಾಂಸ ತಕ್ಷಣ ಮೇಲೇಳಬೇಕಂತೆ. ಒಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಇದೇ ಪರೀಕ್ಷೆಗಳನ್ನು ಕನ್ನಡಿಯ ಮುಂದೆ ನನ್ನ ಮೇಲೂ ಮಾಡಿಕೊಂಡೆ. ಕಣ್ಣು ಒಳಗೆ ಹೋಗಿತ್ತು. ಒತ್ತಿದ ಕೆನ್ನೆ ಮೇಲೇಳುವುದಕ್ಕೆ ಸಾಕಷ್ಟು ಯೋಚನೆ ಮಾಡಿತು. ಹಸನಬ್ಬನ ಗಾಡಿಯಲ್ಲಿ ಐಸಿನ ಮೇಲೆ ನಾನೇ ಮಲಗಿದ್ದರೆ ನಾನಂತೂ ಕೊಳ್ಳುತ್ತಿರಲಿಲ್ಲ.

ಹಸನಬ್ಬ ನಮ್ಮ ಮೀನಿನವನು. ಮನೆ ಸಕಲೇಶಪುರದಲ್ಲಿ. ಘಾಟಿ ಹತ್ತಿ ಬರುವ ಮೀನಿನ ಲಾರಿಯನ್ನು ದೋಣಿಗಲ್ಲಿನಲ್ಲಿ ಕಾದು, ಪೆಟ್ಟಿಗೆಗಳನ್ನು ತನ್ನ ಗೂಡ್ಸ್ ಆಟೋಕ್ಕೆ ಇಳಿಸಿಕೊಂಡು, ಹೆತ್ತೂರು ರಸ್ತೆಯ ಊರುಗಳಿಗೆಲ್ಲ ಹಾರನ್ ಹೊಡೆಯುತ್ತ ಬರುತ್ತಾನೆ. ನಮ್ಮೂರಿಗೆ ಬುಧವಾರ ಮತ್ತು ಭಾನುವಾರ. ಇಪ್ಪತ್ತು ವರ್ಷಗಳಿಂದ ನನ್ನ ಹೆಂಡತಿ ಶಾರದೆ ಎರಡು ನಿಮಿಷದಲ್ಲಿ ಅವನೊಡನೆ ವ್ಯಾಪಾರ ಮುಗಿಸಿ ಒಳಗೆ ಬರುತ್ತಿದ್ದಳು. ಈ ವ್ಯವಸ್ಥೆಯಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸ ತಿನ್ನುವುದು. ಅದನ್ನು ನಾನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೆ.

ಆ ಸುಖಕ್ಕೆ ಕುತ್ತು ಬಂದದ್ದು ಮಗಳು ಚೈತ್ರಾ ಚೊಚ್ಚಲ ಹೆರಿಗೆಗೆಂದು ಬಂದಾಗ. ಅಳಿಯ ಅರಕಲಗೂಡಿನ ಕಡೆ ಮೇಷ್ಟ್ರು. ಅವನು ಅವಳನ್ನು ತಂದುಬಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು, "ಏನು ಕೊಟ್ರೂ ತಿಂತಿಲ್ಲ ಮಾವ" ಎಂದು ಹೇಳಿ ಬಸ್ಸು ಹತ್ತಿದ. ನಿಜ. ಹುಡುಗಿ ವಾಂತಿಯಲ್ಲೇ ಸೊರಗಿದ್ದಳು. ಕೋಳಿಯ ವಾಸನೆ ಆಗದು, ಮೊಟ್ಟೆ ನೋಡಿದರೆ ಮುಖ ತಿರುಗಿಸುತ್ತಾಳೆ. ಅಷ್ಟರ ನಡುವೆ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಮೀನು ಸಾರು. ಹಾಸನದ ಡಾಕ್ಟರಮ್ಮನಿಗೆ ಇದನ್ನು ಕೇಳಿ ಖುಷಿಯಾಯಿತು. ಅವಳ ಮೈ ತೂಕ ಸಾಲದು, ವಾರಕ್ಕೆರಡು ಸಲ ಮೀನು ಕೊಡಿ, ಮಗುವಿನ ಮಿದುಳಿಗೆ ಬಹಳ ಒಳ್ಳೆಯದು, ಆದರೆ ತೀರ ದೊಡ್ಡ ಮೀನು ಬೇಡ ಎಂದರು. ಶಾರದೆಗೆ ಕೇಳಿಸಿದ್ದು 'ವಾರಕ್ಕೆರಡು ಸಲ'. ನನಗೆ ಕೇಳಿಸಿದ್ದು 'ಆದರೆ'.

ಹಾಸನದಿಂದ ಬರುವ ದಾರಿಯಲ್ಲೇ ಫೋನು ತೆಗೆದೆ. ಕಾರು ಆಲೂರು ದಾಟುವ ಹೊತ್ತಿಗೆ ನಾನು ಮೀನುಗಳ ವಿಷಯದಲ್ಲಿ ಅರ್ಧ ಪಂಡಿತನೂ ಪೂರ್ತಿ ಹೆದರಿದವನೂ ಆಗಿದ್ದೆ. ವಿಷಯ ಇಷ್ಟು. ಸಮುದ್ರದಲ್ಲಿ ಒಂದಿಷ್ಟು ಪಾದರಸ ಇರುತ್ತದೆ. ಸಣ್ಣ ಮೀನಿನ ಮೈಯಲ್ಲಿ ಅದು ಚಿಟಿಕೆಯಷ್ಟೂ ಇಲ್ಲ. ಆದರೆ ಸಣ್ಣದನ್ನು ಮಧ್ಯದ್ದು ತಿಂದು, ಮಧ್ಯದ್ದನ್ನು ದೊಡ್ಡದು ತಿಂದು, ಹೀಗೆ ತಲೆತಲಾಂತರದ ಆಸ್ತಿಯಂತೆ ಅದು ಮೇಲಕ್ಕೆ ಹೋಗಿ ದೊಡ್ಡ ಮೀನಿನಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಬಸುರಿಗೆ, ಮಕ್ಕಳಿಗೆ ದೊಡ್ಡ ಮೀನು ಸಲ್ಲದು. ಸರಿ, ಸಣ್ಣದನ್ನೇ ಕೊಡೋಣ ಎಂದುಕೊಂಡರೆ ಮುಂದಿನ ಪುಟದಲ್ಲಿ ಇನ್ನೊಬ್ಬರು ಅಳುತ್ತಿದ್ದರು. ಒಮ್ಮೆಯೂ ಮೊಟ್ಟೆಯಿಡದ ಮರಿಗಳನ್ನೆಲ್ಲ ಬಾಚಿ ತಿಂದರೆ ನಾಳೆ ಕಡಲಲ್ಲಿ ನೀರು ಮಾತ್ರ ಉಳಿಯುತ್ತದೆ ಎಂದು. ದೊಡ್ಡದು ಮಗಳಿಗೆ ಆಗದು, ಚಿಕ್ಕದು ಕಡಲಿಗೆ ಆಗದು. ಅಂದೇ ನಾನೊಂದು ಶಾಸನ ಹೊರಡಿಸಿದೆ. ಗೇಣಿಗಿಂತ ಕಡಿಮೆಯದು ನಮ್ಮ ಮನೆಗೆ ಬೇಡ, ಮೊಳಕ್ಕಿಂತ ಹೆಚ್ಚಿನದೂ ಬೇಡ.

ಗೇಣು, ಮೊಳಗಳ ದೊಡ್ಡ ಗುಣವೆಂದರೆ ಅಳತೆಗೋಲನ್ನು ಮರೆತು ಬರುವ ಪ್ರಶ್ನೆಯೇ ಇಲ್ಲ. ದೊಡ್ಡ ದೋಷವೆಂದರೆ ಒಬ್ಬೊಬ್ಬರ ಗೇಣು ಒಂದೊಂದು ಉದ್ದ. ನಮ್ಮಪ್ಪ ಕಾಫಿ ಗಿಡಕ್ಕೆ ಗುಂಡಿ ಗುರುತು ಮಾಡುವಾಗ ತನ್ನ ಮೊಳದಲ್ಲಿ ಅಳೆದಿದ್ದ. ನಾನು ಮುಂದುವರಿಸಿದ ಸಾಲುಗಳಲ್ಲಿ ಗಿಡಗಳು ಇವತ್ತಿಗೂ ಇಕ್ಕಟ್ಟಿನಲ್ಲಿ ನಿಂತಿವೆ. ಹಾಗಿದ್ದೂ ಮೀನಿನ ಭವಿಷ್ಯವನ್ನು ನನ್ನ ಕೈಯಿಂದಲೇ ಅಳೆಯಲು ಹೊರಟೆ.

ಮುಂದಿನ ಬುಧವಾರ ಹಾರನ್ ಕೇಳಿದ ಕೂಡಲೇ ಶಾರದೆಗಿಂತ ಮೊದಲು ಓಡಿದೆ. ಬಂಗುಡೆಯ ಮೇಲೆ ಕೈಯಿಟ್ಟು ಅಳೆದೆ. ಎರಡು ಬೆರಳು ಕಡಿಮೆ. ಹಿಂದೆ ಪಾತ್ರೆ ಹಿಡಿದು ನಿಂತಿದ್ದ ಹೆಂಗಸರೂ ಕೇಳಲೆಂದು, ಇವು ಮರಿಗಳು, ಇವನ್ನು ಕೊಳ್ಳುವುದೂ ತಪ್ಪು, ಮಾರುವುದೂ ತಪ್ಪು ಎಂದು ಸಣ್ಣದೊಂದು ಭಾಷಣ ಮಾಡಿದೆ. ಪಕ್ಕದ ಪೆಟ್ಟಿಗೆಯ ಬೂತಾಯಿಗೆ ಕೈ ಹಾಕಿದಾಗ ಹಸನಬ್ಬ ತಡೆದ.

"ಬೂತಾಯಿ ಅಜ್ಜಿ ಆದ್ರೂ ಗೇಣುದ್ದ ಬೆಳೆಯೂದಿಲ್ಲ ಗೌಡ್ರೇ. ನಮ್ಮ ಮನೆಯವ್ಳೂ ಗಿಡ್ಡ. ಹಂಗಂತ ಮಗು ಅಂತ ಬಿಟ್ಬಂದ್ನಾ?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಶಾಸನಕ್ಕೆ ತಿದ್ದುಪಡಿ ಮಾಡಿ ಬೂತಾಯಿ ತಂದೆ. ಅಂದು ಚೈತ್ರಾ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಶಾರದೆ ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಹೊಗಳಿಕೆಯನ್ನು ಅವಳು ಹೀಗೆಯೇ ಮಾಡುವುದು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಒಂದು ವಾರ ಐಸು ಕರಗಿದೆ ಎಂದು ಬಿಟ್ಟೆ. ಇನ್ನೊಂದು ವಾರ ಮೀನು ಮೂರು ದಿನವಾದರೂ ಇಷ್ಟು ಗಟ್ಟಿಯಿರುವುದು ಹೇಗೆ, ಏನೋ ಔಷಧಿ ಹಾಕಿರಬೇಕೆಂದು ಬಿಟ್ಟೆ. ಅಂದರೆ ಮೆತ್ತಗಿದ್ದರೆ ಹಳತು, ಗಟ್ಟಿಯಿದ್ದರೆ ಔಷಧಿ. ಮೇ ಕೊನೆಯ ಭಾನುವಾರ ಬೂತಾಯಿಯ ಹೊಟ್ಟೆ ತುಂಬ ಮೊಟ್ಟೆಯಿತ್ತು. ಒಂದು ತಾಯಿಯನ್ನು ತಿಂದರೆ ಸಾವಿರ ಮರಿ ತಿಂದಂತೆ ಎಂದು ಪೆಟ್ಟಿಗೆಯನ್ನು ಅವನ ಕಡೆಗೇ ತಳ್ಳಿದೆ.

"ತಗೊಳ್ಳಿ ಗೌಡ್ರೇ, ಇದೇ ಕಡೇ ಲೋಡು" ಎಂದ ಹಸನಬ್ಬ. "ನಾಳಿದ್ದಿಂದ ಬೋಟು ಬಂದ್, ಎರಡು ತಿಂಗಳು. ಮೊಟ್ಟೆ ಇಡ್ಲಿ ಅಂತ ಕಡಲಿಗೆ ಸರ್ಕಾರವೇ ರಜೆ ಕೊಟ್ಟೈತೆ. ನೀವು ಎರಡು ದಿನ ಮುಂಚೆನೇ ಯಾಕೆ ಕೊಡ್ತೀರಿ?"

ನಾನು ತತ್ವ ಬಿಡಲಿಲ್ಲ. ಗಾಡಿ ಹೋಯಿತು. ಬರಿಗೈಯಲ್ಲಿ ಒಳಗೆ ಬಂದಾಗ ಶಾರದೆ, "ನಿಮ್ಮ ಕೈಗೆ ಕೊಟ್ರೆ ಕಡ್ಲೆಲ್ಲಾ ಉಳೀತದೆ, ನನ್ ಮಗಳೊಬ್ಳು ಉಪ್ವಾಸ" ಎಂದಳು. ಚೈತ್ರಾ ಆ ಮಧ್ಯಾಹ್ನ ಮಜ್ಜಿಗೆ ಅನ್ನವನ್ನು ತಟ್ಟೆಯಲ್ಲಿ ಕಲಸುತ್ತ ಕೂತಿದ್ದು, ಒಂದು ತುತ್ತೂ ಎತ್ತದೆ ಎದ್ದದ್ದು ನೋಡಿ ನನಗೂ ಊಟ ಇಳಿಯಲಿಲ್ಲ. ಇನ್ನೆರಡು ತಿಂಗಳು ಹಸನಬ್ಬ ಬರುವುದಿಲ್ಲ. ಅಷ್ಟರಲ್ಲಿ ಹೆರಿಗೆಯೇ ಆಗಿಬಿಡುತ್ತದೆ.

ಮೂರನೆಯ ದಿನಕ್ಕೆ ಮಳೆ ಹಿಡಿಯಿತು. ಹಳ್ಳ ಕೆಂಪು ನೀರು ತಂದಿತು. ನಮ್ಮ ಕಡೆ ಇದರ ಅರ್ಥ ಒಂದೇ, ಹತ್ತುಮೀನು. ಮೊದಲ ಮಳೆಯ ನೀರಿಗೆ ಮೀನುಗಳು ಹೊಳೆ ಬಿಟ್ಟು ಹಳ್ಳ ಹಿಡಿದು, ಹಳ್ಳ ಬಿಟ್ಟು ಗದ್ದೆಗೆ ಹತ್ತಿ ಬರುತ್ತವೆ. ಊರಿಗೆ ಊರೇ ಕೆಲಸ ಬಿಟ್ಟು ಕೆಳಗಿಳಿಯುತ್ತದೆ. ನಾನು ಅಟ್ಟದಿಂದ ಕೂಳಿ ತೆಗೆದೆ. ಕೂಳಿಯೆಂದರೆ ಬಿದಿರಿನ ಬುಟ್ಟಿ. ಮೀನು ಒಳಗೆ ಹೋಗಬಹುದು, ಹೊರಗೆ ಬರಲಾರದು. ಸಂಸಾರದ ಹಾಗೆ. ನಮ್ಮ ಗದ್ದೆಯ ತೂಬಿಗೆ ಅದನ್ನು ಒಡ್ಡಿ, ಮೊಣಕಾಲುದ್ದ ನೀರಿನಲ್ಲಿ ನಿಂತಾಗ ನನ್ನ ತಲೆಯಲ್ಲಿ ಪಾದರಸವಿರಲಿಲ್ಲ, ಔಷಧಿಯಿರಲಿಲ್ಲ, ಗೇಣೂ ಇರಲಿಲ್ಲ. ಐವತ್ತೆರಡು ವರ್ಷದವನಿಗೆ ಹನ್ನೆರಡಾಗಿತ್ತು. ಅರ್ಧ ಗಂಟೆಯಲ್ಲಿ ಬಕೆಟ್ಟು ತುಂಬಿತು.

ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು ಘೋಷಿಸಿದೆ. ಐಸು ಮುಟ್ಟದ, ಲಾರಿ ಹತ್ತದ, ನಮ್ಮದೇ ಗದ್ದೆಯ ಮೀನು. ಶಾರದೆ ಕತ್ತಿಮಣೆ ಹಾಕಿಕೊಂಡು ಕೂತಳು. ಮೊದಲನೆಯದನ್ನು ಸೀಳಿದಳು, ಒಳಗೆ ಹಳದಿ ಮೊಟ್ಟೆ. ಎರಡನೆಯದು, ಮೊಟ್ಟೆ. ಐದನೆಯದನ್ನು ಸೀಳಿ ನನ್ನ ಮುಖದ ಮುಂದೆ ಹಿಡಿದಳು. ಮೀನುಗಳು ಹತ್ತಿ ಬರುವುದೇ ಮೊಟ್ಟೆಯಿಡಲೆಂದು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದದ್ದು ಹೊಳೆದದ್ದು ಮಾತ್ರ ಆ ಹೊತ್ತಿಗೆ. ಕಡಲಿನ ತಾಯಂದಿರಿಗಾಗಿ ಭಾನುವಾರ ಭಾಷಣ ಮಾಡಿದವನು, ಬುಧವಾರ ನನ್ನದೇ ತೂಬಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ.

ಬಾಗಿಲಿಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದ ಚೈತ್ರಾ ಮೆಲ್ಲಗೆ ಹೇಳಿದಳು:

"ಇವೂ ತವರಿಗೇ ಬಂದಿದ್ವೇನೋ ಅಪ್ಪಾ."

ಅವಳು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ಬಾಲ ಬಡಿಯುತ್ತಿದ್ದವನ್ನೆಲ್ಲ ಎತ್ತಿಕೊಂಡು ಮತ್ತೆ ಗದ್ದೆಗೆ ಹೋದೆ. ಅವನ್ನು ಮೇಲಿನ ಗದ್ದೆಮಡಿಗೆ ಸುರಿದು ಕೂಳಿ ಕಿತ್ತೆ. ಸತ್ತವನ್ನು ಎಸೆಯುವುದು ಇನ್ನೊಂದು ತಪ್ಪಾಗುತ್ತದೆಂದು ಶಾರದೆ ಸಾರು ಮಾಡಿದಳು. ತವರಿನ ಮಾತಾಡಿದವಳೇ ಅದನ್ನು ಎರಡು ಸಲ ಹಾಕಿಸಿಕೊಂಡು ಉಂಡಳು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿಬಿಡಬೇಕು.

ಗದ್ದೆಯಲ್ಲಿ ನನ್ನನ್ನು ನೋಡಿದವನು ಕೆಳಗಿನ ಮನೆಯ ನಂಜೇಗೌಡ. ಹಿಡಿದ ಮೀನನ್ನು ವಾಪಸು ಬಿಡುವವನನ್ನು ಅವನು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ. ಸಂತತಿ, ಋತುಮಾನ, ನಾಳಿನ ಮಕ್ಕಳು ಎಂದು ನಾನು ಫೋನಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಅವನು ಬೀಡಿ ಹಚ್ಚಿಕೊಳ್ಳುತ್ತ, ಜ್ವರ ಬಂದವನ ಮಾತು ಕೇಳುವವನಂತೆ ಕೇಳಿದ. ಕೊನೆಗೆ ಸೋತು, ಮನೆಯಲ್ಲಿ ಬಸುರಿ ಇದ್ದಾಳೆ, ಜೀವ ತೆಗೆಯಬಾರದಲ್ಲ ಎಂದೆ.

"ಅದು ಗಂಡಂಗೆ ಕಣೋ ಮಾರಾಯ, ಅಪ್ಪಂಗಲ್ಲ" ಎಂದ.

"ಅಳಿಯ ಇಲ್ಲಿಲ್ವಲ್ಲ. ಅವನ ಬದ್ಲಿಗೆ ನಾನು."

ನಂಜೇಗೌಡ ಬೀಡಿಯನ್ನು ಬಾಯಿಂದ ತೆಗೆದ. "ಮೊದ್ಲೇ ಹೇಳಾದಲ್ವಾ? ಹಂಗಾದ್ರೆ ನಿನ್ ತೂಬಿಗೆ ನಾನೂ ಕೂಳಿ ಹಾಕಾಕಿಲ್ಲ ಬುಡು. ಮಗು ಮೊದ್ಲು ನೆಟ್ಟಗೆ ಹುಟ್ಲಿ."

ಜಗತ್ತಿನ ಪಂಡಿತರೆಲ್ಲ ಸೇರಿ ಆಗದ ಕೆಲಸ ಒಂದು ಬಸುರಿಯ ಹೆಸರಿಗೆ ಆಯಿತು. ಆ ವಾರ ನಮ್ಮ ತೂಬಿನಲ್ಲಿ ಯಾರೂ ಬುಟ್ಟಿ ಒಡ್ಡಲಿಲ್ಲ. ಈಗ ಗದ್ದೆಯ ಬದುವಿನಲ್ಲಿ ನಿಂತರೆ ಕಾಲಿನ ನೆರಳಿಗೆ ಬೆದರಿ ಸೂಜಿಯಷ್ಟು ಸಣ್ಣ ಮರಿಗಳು ಚದುರುತ್ತವೆ.

ಮಗಳ ಸಾರಿನ ಗತಿ? ಮುಂದಿನ ಭಾನುವಾರವೇ, ಬರುವುದಿಲ್ಲವೆಂದುಕೊಂಡಿದ್ದ ಹಾರನ್ ಕೇಳಿಸಿತು. ಕಡಲಿಗೆ ರಜೆಯಾದರೆ ಹಸನಬ್ಬನ ಹೊಟ್ಟೆಗೂ ರಜೆಯೇ? ಮಳೆಗಾಲದಲ್ಲಿ ಅವನು ಆಲೂರು ಕಡೆಯ ಕೆರೆಗಳಲ್ಲಿ ಸಾಕಿದ ಕಾಟ್ಲಾ ಮಾರುತ್ತಾನೆ. ಇದು ಶಾರದೆಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತಂತೆ. ಮತ್ತೆ ಆ ದಿನ ಯಾಕೆ ಹೇಳಲಿಲ್ಲ ಎಂದರೆ, "ನೀವೆಲ್ಲಿ ಕೇಳಿದ್ರಿ?" ಎಂದಳು. ಹಸನಬ್ಬ ಒಂದು ಮೀನನ್ನು ಎತ್ತಿ ತಕ್ಕಡಿಯ ಪಕ್ಕ ಉದ್ದಕ್ಕೆ ಮಲಗಿಸಿದ. ಗೇಣಿಗಿಂತ ಹೆಚ್ಚು, ಮೊಳಕ್ಕಿಂತ ಕಡಿಮೆ. "ಅಳೀರಿ ಗೌಡ್ರೇ" ಎಂದ. ನಾನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತೆ. ಶಾರದೆ ಕಿವಿರೆತ್ತಿ ನೋಡಿ, ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಸಿದಳು.

ಚೈತ್ರಾ ಈಗ ಒಂಬತ್ತನೆಯ ತಿಂಗಳಲ್ಲಿದ್ದಾಳೆ. ಕೆನ್ನೆ ತುಂಬಿಕೊಂಡಿದೆ. ಡಾಕ್ಟರಮ್ಮ ತೂಕ ನೋಡಿ ತಲೆಯಾಡಿಸಿದ್ದಾರೆ. ನಿನ್ನೆ ನಂಜೇಗೌಡ ಬೇಲಿಯಾಚೆಯಿಂದ, ಮುಂದಿನ ಮಳೆಗಾಲಕ್ಕೆ ನಿನ್ನ ಮನೆಯಲ್ಲಿ ಬಸುರಿ ಇರುವುದಿಲ್ಲ, ಆಗ ಏನು ನೆಪ ಹೇಳುತ್ತೀಯೆಂದು ಕೇಳಿದ. ನ್ಯಾಯವಾದ ಪ್ರಶ್ನೆ. ಯೋಚಿಸಲು ಪೂರ್ತಿ ಒಂದು ವರ್ಷವಿದೆ. ನನ್ನಂಥ ಚಿಂತೆಗಾರನಿಗೆ ಅಷ್ಟು ಹೊತ್ತು ಧಾರಾಳವಾಯಿತು. ಕೂಳಿಯನ್ನಂತೂ ಅಟ್ಟಕ್ಕೆ ಹಾಕಲಿಲ್ಲ. ಬೋರಲು ಹಾಕಿ ಹಿತ್ತಲಲ್ಲಿಟ್ಟಿದ್ದೇನೆ. ಅದರೊಳಗೆ ನಮ್ಮ ಹೇಂಟೆಯೊಂದು ಕಾವಿಗೆ ಕೂತಿದೆ.